ಬೀಗರ ಪಂಕ್ತಿಯಲ್ಲಿ ದೀಪಾನ ಹಾಡು

“ಮೈಕ್ ಟೆಸ್ಟಿಂಗ್! ಒನ್, ಟೂ, ಥ್ರೀ!”

ದೀಪಾ ಮೈಕಿಗೆ ಉಫ್ ಉಫ್ ಎಂದು ಊದಿದಳು. ಗೋಕಾಕದ ಮಂಗಲ ಕಾರ್ಯಾಲಯದಲ್ಲಿ ಬೀಗರೆಲ್ಲ ಊಟಕ್ಕೆ ಕೂತಿದ್ದರು. ಇವತ್ತು ಅವಳ ಚಿಗವ್ವನ ಮದುವೆ.

ಮದುವೆ ಊಟದಲ್ಲಿ ಬೀಗರನ್ನು ಹಾಡಿನಲ್ಲೇ ಕಾಡಿಸಬೇಕು. ಆ ಕೆಲಸ ಸಾವಿತ್ರವ್ವ ಅಜ್ಜಿಯದು. ಕಲ್ಲೋಳಿಯಿಂದ ಹುಕ್ಕೇರಿವರೆಗೆ ಅಜ್ಜಿಯ ಹಾಡಿಲ್ಲದೆ ಬೀಗರಿಗೆ ಊಟ ಇಳಿಯುತ್ತಿರಲಿಲ್ಲ. ಆದರೆ ಇವತ್ತು ಅಜ್ಜಿಯ ಗಂಟಲು ಕಟ್ಟಿತ್ತು. ಬಾಯಿ ತೆಗೆದರೆ ಬರೀ ಗಾಳಿ.

“ನಾ ಹಾಡ್ತೇನಿ!” ಅಂದಿದ್ದಳು ದೀಪಾ. ಅವಳೇನು ಕಡಿಮೆಯೇ? ಐದನೇ ಕ್ಲಾಸಿಗೇ ಸ್ವಂತ ಹಾಡು ಕಟ್ಟುವ ಮಹಾ ಗಾಯಕಿ! ಇದುವರೆಗೆ ಕೇಳಿದ್ದು ಮನೆಯ ಎಮ್ಮೆಗಳು ಮಾತ್ರ. ಅವೂ ಕಟ್ಟಿಹಾಕಿದ್ದಕ್ಕೆ ನಿಂತಿದ್ದವು.

ಎದುರಿಗೆ ಕಣಗಲಾದ ಮದುಮಗನ ತಂಗಿ ಲಕ್ಷ್ಮೀ ಕೂತಿದ್ದಳು. ದೀಪಾನಷ್ಟೇ ವಯಸ್ಸು. ಮತ್ತೊಮ್ಮೆ ಹುಗ್ಗಿ ಹಾಕಿಸಿಕೊಳ್ಳುತ್ತಿದ್ದಳು. ಸಿಕ್ಕಳಪ್ಪ!

“ಕಣಗಲಾದಿಂದ ಬಂದಾಳ ಬೀಗಿತ್ತಿ,
ಹುಗ್ಗಿ ಬಕೀಟ ನುಂಗ್ಯಾಳ ಎತ್ತಿ!”

ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದು ನಕ್ಕಿತು. ದೀಪಾ ಪೂರಿಯಂತೆ ಉಬ್ಬಿದಳು.

ಲಕ್ಷ್ಮೀ ಮಾತ್ರ ನಗಲಿಲ್ಲ. ಬಾಯಿಗೆ ಹೊರಟ ಕೈ ಎಲೆಗೆ ಇಳಿಯಿತು. ಕಣ್ಣು ತುಂಬಿತು.

“ಉಣ್ಣವಾ, ಚ್ಯಾಷ್ಟಿ ಅದು,” ಎಂದಳು ಬಾಜೂಕೆ ಕೂತಿದ್ದ ಅವಳವ್ವ ಇಂದ್ರವ್ವ.

“ನಾ ಒಲ್ಲೆ. ಏಳ್ತೇನಿ.”

ಅಜ್ಜಿ ದೀಪಾನ ಲಂಗ ಹಿಡಿದೆಳೆದು ಪಿಸುಗುಟ್ಟಿದಳು. “ಬೀಗರ ಕೂಸು ಉಪಾಸ ಎದ್ದರ ಹೆಂಗ? ಏನರ ಮಾಡ ಲಗೂನ!”

ಸಾರಿ ಅನ್ನಲೇ? ಮೈಕಿನಲ್ಲಿ ಸಾರಿ ಅಂದರೆ ಎಲ್ಲರೂ ಮತ್ತೆ ಲಕ್ಷ್ಮೀಯನ್ನೇ ನೋಡುತ್ತಾರೆ. ಬ್ಯಾಡ, ನೋಡುವುದಾದರೆ ತನ್ನನ್ನೇ ನೋಡಲಿ!

“ಕಲ್ಲೋಳಿ ದೀಪಾನ ದನಿ ಕೇಳರಿ,
ಹಗ್ಗ ಹರಕೊಂಡ ಎಮ್ಮಿ ಓಡ್ಯಾವರಿ!”

ಯಾರೋ ಕಿಸಕ್ಕೆಂದರು. ಲಕ್ಷ್ಮೀ ಅರ್ಧ ಎದ್ದವಳು ಹಾಗೇ ನಿಂತಳು. ಸಾಲಲಿಲ್ಲ. ದೀಪಾ ಕಣ್ಣು ಮುಚ್ಚಿ, ಮನೆಯಲ್ಲಿ ಬಚ್ಚಿಟ್ಟಿದ್ದ ಗುಟ್ಟನ್ನೇ ಹಾಡಿಬಿಟ್ಟಳು.

“ಗಣಿತದ ಪೇಪರದಾಗ ಮೂರ ಮಾರ್ಕು,
ಹಾಡ ಕಟ್ಟಾಕ ಮೂರೂರ ಸೊಕ್ಕು!”

“ಏನಂದೀ? ಮೂರಾ?” ಬಡಿಸುತ್ತಿದ್ದ ಅವಳಪ್ಪ ಮಾಯಪ್ಪ ಸಾರಿನ ಸೌಟು ಹಿಡಿದುಕೊಂಡೇ ಕೂಗಿದ. ನಗು ಛಾವಣಿ ಹಾರಿಸುವಂತಿತ್ತು. ಲಕ್ಷ್ಮೀಗೂ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಬಂದು ಎಡಗೈಯಿಂದ ಮೈಕ್ ಕಿತ್ತುಕೊಂಡಳು.

“ಮೂರ ಮಾರ್ಕಿನ ಗಾಯಕಿ ಬಾರವ್ವ,
ಹುಗ್ಗಿ ತಿಂದರ ನಾಕರ ಬಂದಾವವ್ವ!”

ಅಬ್ಬಾ! ಮತ್ತೆ ಚಪ್ಪಾಳೆ. ದೀಪಾ ನಕ್ಕಳು, ಆದರೆ ಕಿವಿ ಬಿಸಿಯಾಗಿತ್ತು. ತಾನೇ ಹೇಳಿದ ಮಾತು, ಆದರೂ ಇನ್ನೊಬ್ಬರ ಬಾಯಿಂದ ಬಂದಾಗ ಎದೆಯಲ್ಲಿ ಚುರುಕ್ ಎಂದಿತ್ತು.

ಅವಳು ಹೋಗಿ ಲಕ್ಷ್ಮೀಯ ಬಾಜೂಕೆ ಕೂತಳು. ಇಬ್ಬರ ಎಲೆಗೂ ಬಿಸಿ ಹುಗ್ಗಿ ಬಿತ್ತು.

“ನನ್ನ ಮ್ಯಾಲೆ ಭಾಳ ಸಿಟ್ಟ ಬಂದಿತ್ತೇನು?” ದೀಪಾ ಮೆಲ್ಲಗೆ ಕೇಳಿದಳು.

“ಸಿಟ್ಟಲ್ಲ,” ಎಂದಳು ಲಕ್ಷ್ಮೀ. “ಮುಂಜಾನಿಂದ ಏನೂ ತಿಂದಿದ್ದಿಲ್ಲ. ಹಸಿವಿ ಆಗಿತ್ತು.”

ದೀಪಾ ಲಕ್ಷ್ಮೀಯ ಎಲೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿಸಿದಳು. ಆ ಮಾತಿಗೆ ಪ್ರಾಸ ಹುಡುಕಲು ಅವಳಿಗೆ ಮನಸ್ಸಾಗಲಿಲ್ಲ.