ಹಾಡುವ ಕೋಣೆಯ ಮೈಕು

ಮಾರಾಟಕ್ಕಿಟ್ಟ ಸಾಮಾನುಗಳ ಫೋಟೋ ತೆಗೆಯುವುದು ನನ್ನ ಕಸುಬು. ಹೋದ ವರ್ಷ ಒಂದು ಮಧ್ಯಾಹ್ನ ಹಳೆಯ ರೆಕಾರ್ಡಿಂಗ್ ಸ್ಟುಡಿಯೋ ಒಂದಕ್ಕೆ ಹೋಗಿದ್ದೆ. ಅದರ ಯಜಮಾನರು, ಅಲ್ಲೇ ಹಾಡುತ್ತಿದ್ದ ತಮ್ಮ ಹೆಂಡತಿ ತೀರಿಕೊಂಡ ಮೇಲೆ, ಎಲ್ಲವನ್ನೂ ಮಾರಲು ಹೊರಟಿದ್ದರು.

"ಕರೆಂಟ್ ತೆಗೆಸಿಬಿಟ್ಟಿದ್ದೀನಿ. ನಿಮ್ಮ ಲೈಟೇ ಗತಿ," ಎಂದರು.

ಮಿಕ್ಸರ್, ಸ್ಪೀಕರ್‌ಗಳ ಚಿತ್ರ ಮುಗಿಸಿ ಗಾಜಿನಾಚೆಯ ಹಾಡುವ ಕೋಣೆಗೆ ಹೋದೆ. ಎಲ್ಲೆಲ್ಲೂ ಬೆರಳಚ್ಚು ಮೂಡುವಷ್ಟು ಧೂಳಿತ್ತು. ಮೈಕಿನ ಮೇಲೆ ಮಾತ್ರ ಇರಲಿಲ್ಲ. ಹಾಡುವವರ ಉಸಿರು ತಾಗದಂತೆ ಅದರ ಮುಂದೆ ಕಟ್ಟಿದ್ದ ಪುಟ್ಟ ಬಟ್ಟೆಯ ಪರದೆ ತೇವವಾಗಿತ್ತು. ಹೆಡ್‌ಫೋನ್ ಮುಟ್ಟಿದರೆ, ಯಾರೋ ಈಗಷ್ಟೇ ಕಿವಿಯಿಂದ ತೆಗೆದಿಟ್ಟಂತೆ ಬೆಚ್ಚಗಿತ್ತು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಸುಮ್ಮನೆ ಫೋಟೋ ತೆಗೆಯುತ್ತಾ ಹೋದೆ. ನಾನು ಕ್ಯಾಮೆರಾ ಎತ್ತಿದಾಗಲೆಲ್ಲ ಪಕ್ಕದಲ್ಲೇ ಯಾರೋ ಹಾಡುವ ಮುನ್ನ ಎಳೆದುಕೊಳ್ಳುವಂತೆ ಉಸಿರೆಳೆದುಕೊಳ್ಳುತ್ತಿದ್ದರು. ಹಾಡು ಮಾತ್ರ ಬರಲಿಲ್ಲ.

ಹೊರಗೆ ಬಂದಾಗ ಯಜಮಾನರು ಗಾಜಿಗೆ ಬೆನ್ನು ಹಾಕಿ ಕೂತಿದ್ದರು.

"ಉಸಿರು ಕೇಳಿಸ್ತಾ?"

"ಹೂಂ."

"ನಂಗೊಬ್ಬನಿಗೇ ಅಂದ್ಕೊಂಡಿದ್ದೆ." ಗಾಜಿನ ಕಡೆ ತಿರುಗದೆಯೇ ಹೇಳಿದರು: "ಆಸ್ಪತ್ರೇಲಿ ಕೊನೇ ದಿನ, ಏನಾದ್ರೂ ಮಾತಾಡ್ರೀ ಅಂದ್ಲು. ನಂಗೆ ಬಾಯೇ ಬರ್ಲಿಲ್ಲ."

ನಮಸ್ಕಾರ ಮಾಡಿ ಹೊರಟೆ.

ಮನೆಗೆ ಬಂದು ಚಿತ್ರಗಳನ್ನು ಒಂದೊಂದಾಗಿ ನೋಡಿದೆ. ಮೊದಲನೆಯದರಲ್ಲಿ ಮೈಕಿನ ಮುಖ ಗೋಡೆಯ ಕಡೆಗಿದೆ. ಚಿತ್ರದಿಂದ ಚಿತ್ರಕ್ಕೆ ಅದು ಸ್ವಲ್ಪಸ್ವಲ್ಪವೇ ಹೊರಳಿದೆ. ಕೊನೆಯದರಲ್ಲಿ ಗಾಜಿನಾಚೆ ಕೂತ ಅವರ ಬೆನ್ನಿನ ಕಡೆಗೇ ತಿರುಗಿದೆ.

ನಾನು ಅದನ್ನು ಮುಟ್ಟಿರಲೇ ಇಲ್ಲ.