ಮಿಡಿಗೇಶಿ ದಾರಿಯಲ್ಲಿ ನಿಂತ ಲಾರಿ

"ನಾಲ್ಕನೇ ಸಲ ಬಂದಿದ್ದೀರ. ನನ್ನ ಮರ್ಯಾದೆ ಕಳೆಯೋಕೇ ಬರ್ತೀರಾ?"

ಲೋಹಿತಾ ಸ್ಪ್ಯಾನರನ್ನು ಮೇಜಿನ ಮೇಲೆ ಕುಕ್ಕಿದಳು. ಎದುರಿಗೆ ನಿಂತ ತಿಪ್ಪೇಶ್ ತಲೆ ತಗ್ಗಿಸಿದ. ತಿರುಮಣಿಯವನು, ತನ್ನ ಲಾರಿಗೆ ತಾನೇ ಡ್ರೈವರ್. ಬಾಯಿ ಬಿಡುವುದೇ ಅಪರೂಪ. ಎಷ್ಟು ಕೊಬ್ಬು ಇವನಿಗೆ ಅಂದುಕೊಂಡಳು ಲೋಹಿತಾ... ಅವಳ ಮುಂದೆ ಅವನಿಗೆ ನಾಲಿಗೆಯೇ ಏಳುತ್ತಿರಲಿಲ್ಲ ಅಂತ ಪಾಪ, ಅವಳಿಗೇನು ಗೊತ್ತು!

ಮಧುಗಿರಿಯ ಗ್ಯಾರೇಜಿನಲ್ಲಿ ಅಪ್ಪ ಕದಿರಯ್ಯ ಮಗಳನ್ನು ನಂಬಿ ಒಪ್ಪಿಸಿದ ಮೊದಲ ಗಾಡಿ ಅದು. ಇಪ್ಪತ್ತು ವರ್ಷದ ಹಳೇ ಲಾರಿ. ಟ್ಯಾಂಕಿನಲ್ಲಿ ಕಸ ಇತ್ತು, ತೊಳೆದು ಕಳಿಸಿದಳು. ಅಂದಿನಿಂದಲೇ ಕಾಟ ಶುರುವಾಯಿತು. ಗ್ಯಾರೇಜಿನಲ್ಲಿ ಗಂಟೆಗಟ್ಟಲೆ ಓಡುವ ಎಂಜಿನ್ ರಸ್ತೆಗಿಳಿದರೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್! ಫಿಲ್ಟರ್ ಬದಲಿಸಿದಳು, ಪೈಪ್ ಬದಲಿಸಿದಳು, ಪಂಪ್ ಬಿಚ್ಚಿ ಜೋಡಿಸಿದಳು. ಏನೂ ಪ್ರಯೋಜನವಾಗಲಿಲ್ಲ.

ಹೆಣ್ಣುಮಗಳು ಎಂಜಿನ್ ಮುಟ್ಟಿದರೆ ಇಷ್ಟೇ ಅಂತ ಟೀ ಅಂಗಡಿಯಲ್ಲಿ ನಗುವವರಿಗೇನು ಕಮ್ಮಿಯೇ? ಇವತ್ತು ಸರಿಹೋಗದಿದ್ದರೆ ನಿನಗೆ ಪಂಕ್ಚರ್ ಕೆಲಸವೇ ಸಾಕು ಅಂತ ಬೆಳಿಗ್ಗೆ ಕದಿರಯ್ಯನೂ ಹೇಳಿಬಿಟ್ಟಿದ್ದ. ಅದು ಅವಳ ಎದೆಗೆ ನಾಟಿತ್ತು.

"ಹತ್ತಿ. ಇವತ್ತು ನಾನೂ ಬರ್ತೀನಿ," ಅಂದಳು.

ಪಾವಗಡದ ದಾರಿಯಲ್ಲಿ, ಮಿಡಿಗೇಶಿ ಹತ್ತಿರ ಬರುತ್ತಲೇ ಎಂಜಿನ್ ಬಿಕ್ಕಳಿಸಿ ನಿಂತಿತು. ಲೋಹಿತಾ ಇಳಿದು, ಡೀಸೆಲ್ ಎಷ್ಟಿದೆ ನೋಡೋಣ ಅಂತ ಟ್ಯಾಂಕಿನ ಮುಚ್ಚಳ ತಿರುಗಿಸಿದಳು.

ಸುಸ್ಸ್... ಅಂತ ಗಾಳಿ ಒಳಕ್ಕೆ ನುಗ್ಗಿತು!

ಅವಳ ಕೈ ಅಲ್ಲೇ ನಿಂತಿತು. ದೇವರೇ... ಗ್ಯಾರೇಜಿನಲ್ಲಿ ಪ್ರತಿ ಸಲವೂ ಮೊದಲು ಮುಚ್ಚಳ ತೆಗೆದಿಡುತ್ತಿದ್ದವಳು ನಾನೇ ಅಲ್ಲವೇ? ಅದಕ್ಕೇ ಅಲ್ಲಿ ಕಾಯಿಲೆ ಕಾಣಲಿಲ್ಲ! ಮುಚ್ಚಳ ಮಗುಚಿ ನೋಡಿದಳು. ಗಾಳಿಯಾಡಲು ಇರುವ ಸಣ್ಣ ತೂತಿಗೆ ಯಾರೋ ಗಟ್ಟಿ ಅಂಟು ಮೆತ್ತಿದ್ದರು. ಗಾಳಿ ಬಾರದ ಟ್ಯಾಂಕಿನಿಂದ ಡೀಸೆಲ್ ಹೇಗೆ ತಾನೇ ಹರಿದೀತು?

"ಯಾರು ಮಾಡಿದ್ದು ಇದನ್ನ?"

ತಿಪ್ಪೇಶನ ಮುಖ ಬಾಡಿತು. "ನಾನೇ... ಟ್ಯಾಂಕ್ ತೊಳ್ದಾಗ ನೀವೇ ಹೇಳಿದ್ರಲ್ಲ, ಡೀಸೆಲ್‌ಗೆ ಒಂಚೂರೂ ದೂಳು ಬೀಳಬಾರ್ದು ಅಂತ. ನಮ್ ತಿರುಮಣಿ ದೂಳು ಗೊತ್ತಲ್ಲ. ನಿಮ್ ಮಾತು ಹೆಂಗ್ ಮೀರೋದು ಅಂತ ಮುಚ್ಬುಟ್ಟೆ."

ಕೋಪ ಬರಬೇಕಿತ್ತು. ಬಂದದ್ದು ನಗು... ಅದರ ಹಿಂದೆಯೇ ಕಣ್ಣೀರು. ಅವಳ ಮಾತನ್ನು ಇಷ್ಟು ಗಟ್ಟಿಯಾಗಿ ಹಿಡಿದವರು ಮನೆಯಲ್ಲೂ ಯಾರೂ ಇರಲಿಲ್ಲ.

"ಇಷ್ಟ್ ಸಲ ನಿಂತ್ರೂ ಸಿರಾ ಕಡೆ ಬೇರೆ ಗ್ಯಾರೇಜಿಗೆ ಯಾಕೆ ಹೋಗ್ಲಿಲ್ಲ?"

"ಅಲ್ಲಿಗೋದ್ರೆ ನಿಮ್ ಹೆಸ್ರು ಕೆಡ್ತಿತ್ತು. ನೀವೇ ಕಂಡಿಡೀತೀರ ಅಂತ ನಂಗ್ ಗೊತ್ತಿತ್ತು." ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಮತ್ತೆ... ನಿಮ್ಮನ್ನ ನೋಡ್ಬೋದಲ್ಲ ಅಂತಾನೂ..."

ಲೋಹಿತಾ ಸ್ಕ್ರೂಡ್ರೈವರ್ ತುದಿಯಿಂದ ಅಂಟನ್ನೆಲ್ಲ ಕಿತ್ತು, ಮುಚ್ಚಳ ಬಿಗಿದು, ಕೀಗಾಗಿ ಕೈ ಚಾಚಿದಳು.

ಪಾವಗಡ ಮುಟ್ಟಿ ವಾಪಸ್ ಮಧುಗಿರಿವರೆಗೂ ಅವಳೇ ಓಡಿಸಿದಳು. ಲಾರಿ ಒಂದು ಸಲವೂ ನಿಲ್ಲಲಿಲ್ಲ! ಟೀ ಅಂಗಡಿ ಮುಂದೆ ಬೇಕಂತಲೇ ಉದ್ದಕ್ಕೆ ಹಾರ್ನ್ ಹೊಡೆದಳು. ಕದಿರಯ್ಯ ಎಂಜಿನ್ ಸದ್ದಿಗೆ ಕಿವಿಗೊಟ್ಟು ನಿಂತ. ಕಣ್ಣೊರೆಸಿಕೊಂಡು, ಇನ್ಮೇಲೆ ಎಂಜಿನ್ ಕೆಲಸವೆಲ್ಲ ನಿಂದೇ ಅಂದ.

ತಿಪ್ಪೇಶ್ ಹೊರಡುವಾಗ ಅವಳು ಬಾಗಿಲ ಬಳಿ ಬಂದಳು.

"ಇನ್ನು ನಿಮ್ ಲಾರಿ ನಿಲ್ಲಲ್ಲ. ಇಲ್ಲಿಗೆ ಬರೋ ಕೆಲ್ಸಾನೂ ಇಲ್ಲ."

"ಕೆಡದಿದ್ರೂ ಬರ್ಬೋದಾ?"

"ಬನ್ನಿ... ಒಬ್ರೇ ಬರ್ಬೇಡಿ. ನಿಮ್ಮಮ್ಮನ್ನೂ ಕರ್ಕೊಂಡ್ ಬನ್ನಿ."

"ನಾಳೇನೇ ಬರ್ತೀವಿ ಕಣ್ರೀ."