ಅಕ್ಕ ಕೂತಿದ್ದ ಕುರ್ಚಿ

ನಾಲ್ಕು ವರ್ಷದಿಂದ ಬೀಗ ಬಿದ್ದಿದ್ದ ನಮ್ಮ ಬೀದಿಯ ಸಮುದಾಯ ಭವನವನ್ನು ನಾವು ಹತ್ತು ಜನ ಸೇರಿ ಗುಡಿಸಿ, ಸುಣ್ಣ ಬಳಿದು, ಚಳಿಗಾಲದ ಸಂತೆಗೆ ಅಣಿ ಮಾಡಿದೆವು. ಹಿಂದೆ ಅಲ್ಲಿ ಅಕ್ಕನೂ ನಾನೂ ಉಣ್ಣೆ ಟೋಪಿ ಮಾರುತ್ತಿದ್ದೆವು. ನನಗೆ ಸೊಂಟನೋವು. ಕಬ್ಬಿಣದ ಕುರ್ಚಿಯ ಥಂಡಿ ನನಗೆ ಆಗದೆಂದು ಅಕ್ಕ ಮೊದಲೇ ಬಂದು ಕೂತು, ಅದು ಬೆಚ್ಚಗಾದ ಮೇಲೆ ನನಗೆ ಬಿಟ್ಟುಕೊಡುತ್ತಿದ್ದಳು. ಕೊನೆಯ ಸಂತೆಗೆ ನಾನು ಯಾವುದೋ ಮಾತಿಗೆ ಮುನಿಸಿಕೊಂಡು ಹೋಗಲೇ ಇಲ್ಲ. ಅವಳು ಸಂಜೆಯವರೆಗೂ ಕುರ್ಚಿ ಬಿಟ್ಟೇಳದೆ ಕಾದಳಂತೆ. ಅದೇ ವಾರ ಜ್ವರ ಬಂದು ತೀರಿಕೊಂಡಳು.

ಈ ಸಲದ ಸಂತೆಯ ಬೆಳಿಗ್ಗೆ ನಮ್ಮ ಜೊತೆ ದುಡಿದಿದ್ದ ಬಡಗಿ ಮಡಚಿಟ್ಟ ಕುರ್ಚಿಗಳನ್ನು ಬಿಡಿಸಿಡುತ್ತ, “ಹುಷಾರು ಅಜ್ಜಿ, ಈ ಥಂಡೀಲಿ ಕೂತ್ರೆ ಅಂಟ್ಕೊಂಡ್ಬಿಡ್ತೀರ. ಆಮೇಲೆ ನಾನೇ ಉಳಿ ತಂದು ಕೀಳ್ಬೇಕು” ಎಂದು ನಕ್ಕ. ನಾನು ಒಂದೊಂದನ್ನೇ ಒರೆಸುತ್ತ ಬಂದೆ. ಎಲ್ಲವೂ ಮಂಜುಗಡ್ಡೆಯ ಹಾಗಿದ್ದವು. ನಮ್ಮ ಮೇಜಿನ ಹಿಂದಿನದು ಮಾತ್ರ ಬೆಚ್ಚಗಿತ್ತು.

“ಇದ್ರಲ್ಲಿ ಯಾರಪ್ಪ ಕೂತಿದ್ದು?” ಎಂದು ಕೇಳಿದೆ.

“ಈಗ ತಾನೇ ಬಿಡಿಸಿಟ್ಟೆ ಅಜ್ಜಿ. ಯಾರೂ ಕೂತಿಲ್ಲ.”

ಅವನು ಅತ್ತ ಹೋದ ಮೇಲೆ ಮೆಲ್ಲಗೆ, “ಬಂದೆ ಕಣೇ ಅಕ್ಕ. ಸಾಕು, ಏಳು” ಅಂದೆ. ನನ್ನ ಅಂಗೈ ಕೆಳಗೇ ಕಬ್ಬಿಣ ತಣ್ಣಗಾಯಿತು.

ಆಮೇಲೆ ನಾನು ಕೂತೆ. ಸಂಜೆಯವರೆಗೂ ಏಳಲಿಲ್ಲ. ಎದ್ದಾಗ ಮುಟ್ಟಿ ನೋಡಿದರೆ, ಕುರ್ಚಿ ಬೆಚ್ಚಗಾಗಿರಲೇ ಇಲ್ಲ.